ಕ್ಷಯವೆಂದು ಕರೆಸಿಕೊಂಡ ಕೆಮ್ಮುಗಳು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ – ಈ ನಾಲ್ಕು ಹಳೆಯ ತಾಲೂಕುಗಳ ಹಳ್ಳಿಗಳಲ್ಲಿ ಒಬ್ಬ ಮನುಷ್ಯ ಎರಡು ತಿಂಗಳು ಬಿಡದೆ ಕೆಮ್ಮಿದರೆ, ಅವನು ದವಾಖಾನೆಯ ಮೆಟ್ಟಿಲು ಹತ್ತುವ ಮೊದಲೇ ಊರು ಅವನ ಕಾಯಿಲೆಗೆ ಹೆಸರಿಟ್ಟಿರುತ್ತದೆ. ನಮ್ಮ ಮನೆಗಳ ಹಿರಿಯ ಹೆಂಗಸರು ಅದನ್ನು 'ದಿಕ್' ಎನ್ನುತ್ತಿದ್ದರು. ಪಕ್ಕದ ಓಣಿಯವರು 'ಕ್ಷಯ' ಎನ್ನುತ್ತಿದ್ದರು. ಈಗಿನವರು ದನಿ ತಗ್ಗಿಸಿ 'ಟಿ.ಬಿ.' ಎನ್ನುತ್ತಾರೆ. ಹೆಸರು ಬದಲಾದರೂ ರೋಗಿಯ ತಟ್ಟೆ, ಲೋಟ ಬೇರೆ ಇಡುವುದು ಬದಲಾಗಿಲ್ಲ. ಮನೆಯಲ್ಲಿ ಮಗಳ ಮದುವೆಯ ಮಾತುಕತೆ ನಡೆದಿದ್ದರೆ ಕೆಮ್ಮನ್ನು ಮುಚ್ಚಿಡುವುದೂ ಬದಲಾಗಿಲ್ಲ.

ಕ್ಷಯದ ಬಗ್ಗೆ ಕನ್ನಡದಲ್ಲಿ ಸಾಕಷ್ಟು ಬರೆದಾಗಿದೆ. ಕ್ಷಯವೆಂದು ಕರೆಸಿಕೊಂಡು, ಕ್ಷಯದ ಗುಳಿಗೆ ನುಂಗಿ, ಆದರೂ ವಾಸಿಯಾಗದೆ ಉಳಿದ ಕೆಮ್ಮುಗಳ ಬಗ್ಗೆ ಬರೆದದ್ದು ಕಡಿಮೆ. ಅವುಗಳಲ್ಲಿ ಕೆಲವು ಔಷಧಿಗೆ ಜಗ್ಗದ ಕ್ಷಯ. ಕೆಲವು ಕ್ಷಯವೇ ಅಲ್ಲ, ಶ್ವಾಸಕೋಶದೊಳಗೆ ಬೆಳೆದ ಬೂಷ್ಟು, ಅಂದರೆ ಶಿಲೀಂಧ್ರದ ಸೋಂಕು. ಇನ್ನು ಕೆಲವರಿಗೆ ಮೊದಲು ಕ್ಷಯ ಬಂದು ಹೋಗಿ, ಅದು ಬಿಟ್ಟುಹೋದ ಗಾಯದಲ್ಲಿ ಬೂಷ್ಟು ಮನೆ ಮಾಡಿರುತ್ತದೆ. ಹೊರಗಿನಿಂದ ನೋಡಿದರೆ ಮೂರೂ ಒಂದೇ. ಕೆಮ್ಮು, ಕಫ, ಕಫದಲ್ಲಿ ರಕ್ತ, ಸಂಜೆಯ ಜ್ವರ, ಇಳಿದುಹೋದ ಮೈ. ಮೂರಕ್ಕೂ ಔಷಧಿ ಮಾತ್ರ ಬೇರೆ ಬೇರೆ. ಈ ಗೊಂದಲ ನಿನ್ನೆ ಮೊನ್ನೆಯದಲ್ಲ. ಇದಕ್ಕೆ ನೂರು ವರ್ಷಕ್ಕೂ ಮಿಕ್ಕ ಚರಿತ್ರೆ ಇದೆ.

ಹಳೆಯ ವೈದ್ಯರು ಕಣ್ಣಿಗೆ ಕಂಡದ್ದನ್ನು ನೋಡಿ ಹೆಸರಿಟ್ಟವರು. ಆಯುರ್ವೇದ ಇದನ್ನು ರಾಜಯಕ್ಷ್ಮ ಎಂದಿತು. ದಿನದಿನಕ್ಕೆ ಕರಗುವ ಚಂದ್ರನ ಕತೆಯನ್ನು ಅದಕ್ಕೆ ಜೋಡಿಸಿತು. ಯುನಾನಿ ಹಕೀಮರು ಶ್ವಾಸಕೋಶದ ಹುಣ್ಣಿಗೆ 'ಸಿಲ್' ಎಂದರು, ಮೈಯನ್ನು ತೆಳ್ಳಗಾಗಿಸುವ ಜ್ವರಕ್ಕೆ 'ತಪೇದಿಕ್' ಎಂದರು. 1037ರಲ್ಲಿ ತೀರಿಕೊಂಡ ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಈ ರೋಗ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ ಎಂದು ಬರೆದಿದ್ದರು. ಸೂಕ್ಷ್ಮದರ್ಶಕವೇ ಇಲ್ಲದ ಕಾಲದಲ್ಲಿ ಅಷ್ಟು ಹೇಳಿದ್ದೇ ದೊಡ್ಡದು. ಆದರೆ ಆ ಹೆಸರುಗಳ ಚೀಲದಲ್ಲಿ ಎಷ್ಟು ಬಗೆಯ ಕಾಯಿಲೆಗಳು ತುಂಬಿದ್ದವೋ ಯಾರು ಎಣಿಸಬೇಕು?

1882ರ ಮಾರ್ಚ್ 24ರಂದು ರಾಬರ್ಟ್ ಕಾಕ್ ಬರ್ಲಿನ್‌ನಲ್ಲಿ ಕ್ಷಯದ ಬ್ಯಾಕ್ಟೀರಿಯಾವನ್ನು ತೋರಿಸಿದಾಗ ಚೀಲ ಬಿಚ್ಚಿಕೊಂಡಿತು. ಅಂದಿನಿಂದ ಕಫದಲ್ಲಿ ಆ ಕಡ್ಡಿಯಾಕಾರದ ಜೀವಿ ಕಂಡರೆ ಮಾತ್ರ ಕ್ಷಯ ಖಚಿತವೆನ್ನಬಹುದಾಯಿತು. ಕಾಣದಿದ್ದರೆ? ಎಂಟೇ ವರ್ಷಕ್ಕೆ, 1890ರಲ್ಲಿ, ಪ್ಯಾರಿಸ್ಸಿನ ವೈದ್ಯರಾದ ದ್ಯೂಲಾಫೋಯ್, ಶಾಂತಮೆಸ್ ಮತ್ತು ವಿಡಾಲ್ ಈ ಪ್ರಶ್ನೆಗೆ ಒಂದು ವಿಚಿತ್ರ ಉತ್ತರ ತಂದರು. ಆ ಊರಿನಲ್ಲಿ ಪಾರಿವಾಳದ ಮರಿಗಳನ್ನು ಕೊಬ್ಬಿಸಿ ಮಾರುವ ದಂಧೆಯಿತ್ತು. ಆ ಕೆಲಸದವರು ಕಾಳು ಮತ್ತು ನೀರನ್ನು ತಮ್ಮ ಬಾಯಲ್ಲಿ ತುಂಬಿಕೊಂಡು ಮರಿಯ ಕೊಕ್ಕಿಗೆ ಬಾಯಿಯಿಂದಲೇ ಉಣಿಸುತ್ತಿದ್ದರು. ದಿನಕ್ಕೆ ಸಾವಿರಾರು ಮರಿಗಳು. ಅವರಲ್ಲಿ ಕೆಲವರು ಕೆಮ್ಮಿ, ರಕ್ತ ಕಾರಿ, ಸೊರಗಿ ಆಸ್ಪತ್ರೆಗೆ ಬಂದರು. ನೋಡಿದರೆ ಅಪ್ಪಟ ಕ್ಷಯ. ಕಫದಲ್ಲಿ ಕಾಕ್ ಹೇಳಿದ ಬ್ಯಾಕ್ಟೀರಿಯಾ ಇಲ್ಲ, ಕಾಳಿನ ಮೇಲೆ ಬೆಳೆಯುವ ಬೂಷ್ಟು ಇತ್ತು. ಆ ವೈದ್ಯರು ಅದನ್ನು ಶಿಲೀಂಧ್ರದ ಹುಸಿಕ್ಷಯ ಎಂದು ಕರೆದರು. ಮುಂದೆ, ಟೋಪನ್ನಿಗಾಗಿ ಕೂದಲನ್ನು ಹಿಟ್ಟು ಹಚ್ಚಿ ಬಾಚುವ ಕೂಲಿಗಳಲ್ಲೂ ಇದೇ ಕಾಯಿಲೆ ಕಂಡಿತು.

ಆ ಬೂಷ್ಟಿನ ಹೆಸರು ಆಸ್ಪರ್ಜಿಲಸ್. ಹೆಸರಿಟ್ಟವರು ಇಟಲಿಯ ಪಾದ್ರಿ, ಸಸ್ಯಶಾಸ್ತ್ರಜ್ಞ ಮಿಕೇಲಿ, 1729ರಲ್ಲಿ. ಸೂಕ್ಷ್ಮದರ್ಶಕದಲ್ಲಿ ಅದು ಚರ್ಚಿನಲ್ಲಿ ಪವಿತ್ರಜಲ ಚಿಮುಕಿಸುವ ಸಲಕರಣೆಯಂತೆ ಅವರಿಗೆ ಕಂಡಿತಂತೆ. ನಮ್ಮವರಾರಾದರೂ ನೋಡಿದ್ದರೆ ಮದುವೆ ಮನೆಯ ಗುಲಾಬ್‌ದಾನಿ ನೆನಪಾಗಿ ಬೇರೆ ಹೆಸರೇ ಬರುತ್ತಿತ್ತು. ಈ ಬೂಷ್ಟಿಗಾಗಿ ಪ್ಯಾರಿಸ್ಸಿಗೆ ಹೋಗಬೇಕಿಲ್ಲ. ಉಳ್ಳಾಗಡ್ಡಿಯ ಸಿಪ್ಪೆಯ ಮೇಲಿನ ಕಪ್ಪು ಪುಡಿ ಇದೇ ಕುಲದ್ದು. ತೇವ ಹಿಡಿದ ಶೇಂಗಾದ ಮೇಲಿನ ಹಳದಿ-ಹಸಿರು ಬೂಷ್ಟೂ ಇದೇ ಕುಲದ್ದು. ಕುಷ್ಟಗಿ, ಯಲಬುರ್ಗಾ ಕಡೆ ಹಿಂದೆ ಜೋಳ ತುಂಬಿಡುತ್ತಿದ್ದ ಹಗೇವಿನಲ್ಲಿ, ಗಂಗಾವತಿಯ ಭತ್ತದ ಹೊಟ್ಟಿನಲ್ಲಿ, ನೆನೆದ ಬಣವೆಯಲ್ಲಿ, ತಿಪ್ಪೆಯಲ್ಲಿ ಎಲ್ಲೆಲ್ಲೂ ಅದರ ಬೀಜಕಣ ಇರುತ್ತದೆ. ನಾವು ದಿನವೂ ಉಸಿರಿನೊಂದಿಗೆ ಅದನ್ನು ಎಳೆದುಕೊಳ್ಳುತ್ತೇವೆ. ಗಟ್ಟಿ ಶ್ವಾಸಕೋಶ ಅದನ್ನು ಹೊರದಬ್ಬುತ್ತದೆ. ಗಾಯಗೊಂಡ ಶ್ವಾಸಕೋಶಕ್ಕೆ ಅದು ಸುಲಭವಲ್ಲ.

ಈ ನಾಲ್ಕು ತಾಲೂಕುಗಳಲ್ಲಿ ಶ್ವಾಸಕೋಶಗಳು ಗಾಯಗೊಂಡ ಬಗೆಯನ್ನು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. 1948ರವರೆಗೆ ಇದು ನಿಜಾಮರ ಸೀಮೆ. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಹಗೀರಾಗಿದ್ದವು. ಆಡಳಿತದ ಭಾಷೆ ಉರ್ದು. ಆಸ್ಪತ್ರೆಗೆ ನಮ್ಮ ಭಾಗದ ಕನ್ನಡದಲ್ಲಿ ಇಂದಿಗೂ ಉಳಿದಿರುವ 'ದವಾಖಾನೆ' ಎಂಬ ಮಾತು ಆ ಕಾಲದ ಕೊಡುಗೆ. ಕ್ಷಯಕ್ಕೆ ಆಗ ಔಷಧಿಯೇ ಇರಲಿಲ್ಲ. ಒಳ್ಳೆಯ ಗಾಳಿ, ಹಾಲು, ಮೊಟ್ಟೆ, ವಿಶ್ರಾಂತಿ – ಇದೇ ಚಿಕಿತ್ಸೆ. ಅದಕ್ಕಾಗಿ ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಟೋರಿಯಂ ಇತ್ತು, ಮಿರಜ್‌ನಲ್ಲಿ ಮಿಷನರಿ ವೈದ್ಯ ವಾನ್ಲೆಸ್ ಅವರ ಹೆಸರಿನದಿತ್ತು, ಹೈದರಾಬಾದ್ ಕಡೆಗೆ ವಿಕಾರಾಬಾದಿನ ಅನಂತಗಿರಿ ಗುಡ್ಡದ ಮೇಲೊಂದು ಇತ್ತು. ಉಳ್ಳವರು ಕೊಪ್ಪಳದಲ್ಲಿ ರೈಲು ಹತ್ತಿ ಹುಬ್ಬಳ್ಳಿ ಮೇಲೆ ಮಿರಜ್ ಸೇರಬಹುದಿತ್ತು. ಕುಷ್ಟಗಿಯವರಿಗೆ ಆ ರೈಲೂ ದೂರ. ಆ ಊರಿಗೆ ರೈಲು ಬಂದದ್ದು 2025ರಲ್ಲಿ. ಇಲ್ಲದವರು ಊರ ಹೊರಗಿನ ಗುಡಿಸಲಲ್ಲಿ ಮಲಗಿ ದಿನ ಎಣಿಸಿದರು.

ಔಷಧಿ ಬಂದದ್ದು ಎರಡನೇ ಮಹಾಯುದ್ಧದ ಕೊನೆಗೆ. 1948ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸ್ಟ್ರೆಪ್ಟೊಮೈಸಿನ್ ಸೂಜಿಮದ್ದಿನ ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. ಔಷಧಿ ಪಡೆದ 55 ಜನರಲ್ಲಿ ಆರು ತಿಂಗಳಲ್ಲಿ ಸತ್ತವರು 4, ಪಡೆಯದ 52 ಜನರಲ್ಲಿ 14. ಜಗತ್ತು ಹಬ್ಬ ಮಾಡಿತು. ಅದೇ ವರದಿಯಲ್ಲಿ ಇನ್ನೊಂದು ಸಂಗತಿಯೂ ಇತ್ತು. ಔಷಧಿ ಪಡೆದವರಲ್ಲಿ ಅನೇಕರ ಕಫದಲ್ಲಿದ್ದ ಬ್ಯಾಕ್ಟೀರಿಯಾ ಕೆಲವೇ ವಾರಗಳಲ್ಲಿ ಆ ಔಷಧಿಗೆ ಜಗ್ಗದಂತಾಗಿತ್ತು. ಔಷಧಿನಿರೋಧವೆಂಬುದು ಔಷಧಿಯ ಜೊತೆಗೇ ಹುಟ್ಟಿದ ಕೂಸು. ಒಂದೇ ಔಷಧಿ ಕೊಟ್ಟರೆ ಅದನ್ನು ತಾಳಿಕೊಳ್ಳಬಲ್ಲ ಕೆಲವು ಬ್ಯಾಕ್ಟೀರಿಯಾ ಮಾತ್ರ ಉಳಿದು, ಅವೇ ಬೆಳೆದು ತುಂಬಿಕೊಳ್ಳುತ್ತವೆ. ಎರಡು ಮೂರು ಔಷಧಿಗಳನ್ನು ಒಟ್ಟಿಗೆ, ಸಾಕಷ್ಟು ಕಾಲ ಕೊಟ್ಟರೆ ಒಂದರಿಂದ ತಪ್ಪಿಸಿಕೊಂಡದ್ದನ್ನು ಇನ್ನೊಂದು ಕೊಲ್ಲುತ್ತದೆ. ಈ ಪಾಠ ಐವತ್ತರ ದಶಕದ ಆರಂಭದಲ್ಲೇ ಎಲ್ಲರಿಗೂ ಗೊತ್ತಿತ್ತು. ಮುಂದೆ ಅದನ್ನು ಹೇಗೆ ಮರೆತೆವು ಎಂಬುದು ಬೇರೆ ಕತೆ, ಅದಕ್ಕೆ ಬರುತ್ತೇವೆ.

1959ರಲ್ಲಿ ಮದರಾಸಿನ ಅಧ್ಯಯನವೊಂದು, ಗುಳಿಗೆ ಸರಿಯಾಗಿ ನುಂಗಿದರೆ ರೋಗಿ ಸ್ಯಾನಟೋರಿಯಮ್ಮಿನಲ್ಲಿ ಇದ್ದರೂ ಒಂದೇ, ಕೊಳೆಗೇರಿಯ ಮನೆಯಲ್ಲಿ ಇದ್ದರೂ ಒಂದೇ ಎಂದು ತೋರಿಸಿತು. ಅದೇ ವರ್ಷ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಕೆಲಸ ಆರಂಭಿಸಿತು. 1960ರ ಸೆಪ್ಟೆಂಬರಿನಲ್ಲಿ ನೆಹರೂ ಬಂದು ವಿಧ್ಯುಕ್ತವಾಗಿ ಉದ್ಘಾಟಿಸಿದರು. ನಮ್ಮ ಮಟ್ಟಿಗೆ ಈ ಸಂಸ್ಥೆಯ ಅತಿ ದೊಡ್ಡ ಕೆಲಸ ಯಾವ ಔಷಧಿಯದೂ ಅಲ್ಲ. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಇಬ್ಬರು ತುಮಕೂರು ಜಿಲ್ಲೆಯ ಹಳ್ಳಿ-ಪಟ್ಟಣಗಳಲ್ಲಿ ತಿರುಗಿ, ಕ್ಷಯ ಇರುವವರನ್ನು ಕೂರಿಸಿಕೊಂಡು ಮಾತಾಡಿಸಿದರು. ಹಳ್ಳಿಗರು ಅಜ್ಞಾನಿಗಳು, ಕಾಯಿಲೆ ಬಂದರೂ ವೈದ್ಯರ ಬಳಿ ಬರುವುದಿಲ್ಲ ಎಂಬುದು ಆಗಿನ ತಿಳುವಳಿಕೆ. 1963ರಲ್ಲಿ ಪ್ರಕಟವಾದ ಆ ಅಧ್ಯಯನ ಬೇರೆಯೇ ಹೇಳಿತು. ರೋಗಿಗಳಲ್ಲಿ ಬಹುತೇಕರಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಸರಕಾರಿ ಅಥವಾ ಖಾಸಗಿ ವೈದ್ಯರ ಬಳಿ ಹೋಗಿಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಸಾಮಾನ್ಯವಾಗಿ ಕೆಮ್ಮಿನ ಔಷಧಿಯ ಒಂದು ಬಾಟಲಿ. ಕಫ ಯಾರೂ ಕೇಳಿರಲಿಲ್ಲ.

ಅರವತ್ತು ವರ್ಷದ ಹಿಂದಿನ ಆ ಬಾಟಲಿ ಇಂದಿಗೂ ಖಾಲಿಯಾಗಿಲ್ಲ. ನಮ್ಮ ಹಳ್ಳಿಗಳಲ್ಲಿ ಕೆಮ್ಮಿದವನು ಮೊದಲು ಹೋಗುವುದು ಆರ್.ಎಂ.ಪಿ. ಡಾಕ್ಟರರ ಬಳಿ. ಅಲ್ಲಿ ಒಂದು ಸೂಜಿ, ನಾಲ್ಕು ಗುಳಿಗೆ. ಆ ಗುಳಿಗೆಗಳಲ್ಲಿ ಹಲವು ಸಲ ಸ್ಟೆರಾಯ್ಡ್ ಇರುತ್ತದೆ. ಎರಡು ದಿನಕ್ಕೆ ಹಸಿವಾಗುತ್ತದೆ, ಉಬ್ಬಸ ಇಳಿಯುತ್ತದೆ, ಡಾಕ್ಟರರ ಕೈಗುಣ ಚೆನ್ನಾಗಿದೆ ಎನಿಸುತ್ತದೆ. ಒಳಗೆ ಮಾತ್ರ ಕಾವಲುಗಾರನಿಗೆ ನಿದ್ದೆ ಬರಿಸಿದಂತಾಗಿ, ಕ್ಷಯಕ್ಕೂ ಬೂಷ್ಟಿಗೂ ಬಾಗಿಲು ತೆರೆದಿರುತ್ತದೆ. 2021ರ ಬೇಸಿಗೆಯಲ್ಲಿ ಕೋವಿಡ್ ಬಂದು ಹೋದವರಿಗೆ ಕಪ್ಪು ಶಿಲೀಂಧ್ರ ತಗುಲಿ ಕಣ್ಣು, ದವಡೆ ಕಳೆದುಕೊಂಡದ್ದನ್ನು ನಾವೆಲ್ಲ ನೋಡಿದೆವು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಮತ್ತು ಲೆಕ್ಕವಿಲ್ಲದ ಸ್ಟೆರಾಯ್ಡ್ ಅದರ ಮುಖ್ಯ ಕಾರಣಗಳಲ್ಲಿದ್ದವು. ಅದು ಬೇರೆ ಜಾತಿಯ ಬೂಷ್ಟು, ಆದರೆ ಒಳಬರುವ ದಾರಿ ಇಂಥದ್ದೇ.

ಬೆಂಗಳೂರಿನ ಅದೇ ಸಂಸ್ಥೆ 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳನ್ನು ಮತ್ತೆ ಮತ್ತೆ ಸಮೀಕ್ಷೆ ಮಾಡಿತು. ಚಿಕಿತ್ಸೆಯಿಲ್ಲದೆ ಬಿಟ್ಟರೆ ಕ್ಷಯ ರೋಗಿಯ ಗತಿ ಏನಾಗುತ್ತದೆಂದು ಜಗತ್ತಿಗೆ ತಿಳಿದದ್ದರಲ್ಲಿ ದೊಡ್ಡ ಪಾಲು ಈ ಹಳ್ಳಿಗಳಿಂದ ಬಂದದ್ದು. ಐದು ವರ್ಷದಲ್ಲಿ 49.2 ಶೇಕಡಾ ಸತ್ತರು. 18.3 ಶೇಕಡಾ ಕಫದಲ್ಲಿ ರೋಗಾಣು ಇಟ್ಟುಕೊಂಡೇ ಬದುಕಿದ್ದರು. ಉಳಿದ 32.5 ಶೇಕಡಾ ಜನರ ಕಫದಿಂದ ರೋಗಾಣು ತಾನಾಗಿಯೇ ಮಾಯವಾಗಿತ್ತು. ನಮ್ಮ ಮನಸ್ಸು ನಿಲ್ಲುವುದು ಈ ಕೊನೆಯವರ ಬಳಿ. ಲೆಕ್ಕದ ಪುಸ್ತಕದಲ್ಲಿ ಇವರು ಗುಣವಾದವರು. ಆದರೆ ಕ್ಷಯ ಗುಣವಾಗುವುದೆಂದರೆ ಶ್ವಾಸಕೋಶ ಮೊದಲಿನಂತಾಗುವುದು ಎಂದಲ್ಲ. ಗುಳಿಗೆ ನುಂಗಿ ಗುಣವಾದವರಿಗೂ ಇದೇ ಮಾತು. ರೋಗ ಕೊರೆದ ಕಡೆ ಪೊಳ್ಳು ಉಳಿಯುತ್ತದೆ, ಗೋಡೆ ಗಡುಸಾಗುತ್ತದೆ, ರಕ್ತನಾಳಗಳು ಉಬ್ಬಿಕೊಂಡಿರುತ್ತವೆ.

ಆ ಪೊಳ್ಳಿನಲ್ಲಿ ಏನಾಗುತ್ತದೆಂದು ಬ್ರಿಟನ್ನಿನ ಎದೆರೋಗ ತಜ್ಞರು ಅರವತ್ತರ ದಶಕದಲ್ಲೇ ಹುಡುಕಿದರು. ಕ್ಷಯ ವಾಸಿಯಾಗಿ ಎರಡೂವರೆ ಸೆಂಟಿಮೀಟರಿಗೆ ಕಡಿಮೆಯಿಲ್ಲದ ಪೊಳ್ಳು ಉಳಿದಿದ್ದ 544 ಜನರನ್ನು ಪರೀಕ್ಷಿಸಿದರು. ಅವರಲ್ಲಿ ಸುಮಾರು ಕಾಲುಭಾಗ ಜನರ ರಕ್ತದಲ್ಲಿ ಆಸ್ಪರ್ಜಿಲಸ್ ವಿರುದ್ಧದ ಪ್ರತಿಕಾಯ ಸಿಕ್ಕಿತು. ಕೆಲ ವರ್ಷದ ನಂತರ ಅದೇ ಗುಂಪನ್ನು ಮತ್ತೆ ನೋಡಿದಾಗ ಆ ಪ್ರಮಾಣ ಮೂರನೇ ಒಂದು ಭಾಗಕ್ಕೆ ಏರಿತ್ತು. ಹಲವರ ಎಕ್ಸ್-ರೇಯಲ್ಲಿ ಪೊಳ್ಳಿನೊಳಗೆ ಬೂಷ್ಟಿನ ಉಂಡೆಯೇ ಕಾಣುತ್ತಿತ್ತು. ಉಂಡೆಯ ಮೇಲೆ ತೆಳ್ಳನೆಯ ಗಾಳಿಯ ಗೆರೆ, ಈದ್ ಚಂದ್ರನ ಹಾಗೆ. ರೋಗಿ ಮಗ್ಗುಲು ಬದಲಿಸಿದರೆ ಕೆಲವರಲ್ಲಿ ಉಂಡೆಯೂ ಉರುಳುತ್ತದೆ. ಇಂಥವರಿಗೆ ಒಂದು ದಿನ ಏಕಾಏಕಿ ಬಾಯಿತುಂಬ ರಕ್ತ ಬರುತ್ತದೆ. ಕೆಲವೊಮ್ಮೆ ಅದರಲ್ಲೇ ಜೀವ ಹೋಗುತ್ತದೆ. ಊರಿನವರು 'ಟಿ.ಬಿ. ತಿರುಗಿ ಬಂತು' ಎನ್ನುತ್ತಾರೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜಿನಂತೆ, ಕ್ಷಯದ ನಂತರ ಇಂಥ ದೀರ್ಘಕಾಲದ ಶಿಲೀಂಧ್ರ ಸೋಂಕು ಹೊತ್ತು ಬದುಕುತ್ತಿದ್ದವರು ಜಗತ್ತಿನಲ್ಲಿ ಸುಮಾರು 12 ಲಕ್ಷ.

'ತಿರುಗಿ ಬಂತು' ಎಂಬ ಈ ಮಾತೇ ನಮ್ಮ ಕತೆಯ ನಡುಗಂಬ. 1962ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಜಿಲ್ಲೆಗೊಂದು ಕೇಂದ್ರವೆಂದಿತು. ನಮ್ಮ ಜಿಲ್ಲಾ ಕೇಂದ್ರ ಆಗ ರಾಯಚೂರು. ಯಲಬುರ್ಗಾದಿಂದ ಅದು ನೂರೈವತ್ತು ಕಿಲೋಮೀಟರಿಗೂ ಆಚೆ. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಅದೇ ವರ್ಷ ದೇಶದಲ್ಲಿ ಪರಿಷ್ಕೃತ ಕಾರ್ಯಕ್ರಮ ವಿಸ್ತಾರಗೊಂಡಿತು. ಕಣ್ಣೆದುರೇ ಗುಳಿಗೆ ನುಂಗಿಸುವ 'ಡಾಟ್ಸ್' ಪದ್ಧತಿ 2006ರ ಹೊತ್ತಿಗೆ ದೇಶವಿಡೀ ಹರಡಿತು. ಅದು ಲಕ್ಷಾಂತರ ಜೀವ ಉಳಿಸಿದ್ದು ನಿಜ. ಅದರೊಳಗೆ 'ಎರಡನೇ ವರ್ಗ' ಎಂಬುದೊಂದಿತ್ತು. ಒಮ್ಮೆ ಚಿಕಿತ್ಸೆ ಪಡೆದು ಮತ್ತೆ ಕಾಯಿಲೆ ಬಿದ್ದವರಿಗೆ ಹಳೆಯ ಔಷಧಿಗಳ ಜೊತೆ ಸ್ಟ್ರೆಪ್ಟೊಮೈಸಿನ್ ಒಂದನ್ನು ಸೇರಿಸಿ ಎಂಟು ತಿಂಗಳು ಕೊಡುವುದು. ಹಳೆಯ ಔಷಧಿಗಳು ಸೋತಿದ್ದರೆ, ಹೊಸದಾಗಿ ಸೇರಿದ ಒಂದೇ ಔಷಧಿ ಒಂಟಿಯಾಗಿ ಕಾದಬೇಕು. 1948ರ ಪಾಠ ಮರೆತದ್ದು ಎಂದೆವಲ್ಲ, ಅದು ಇಲ್ಲಿ. ಯಾವ ಔಷಧಿಗೆ ರೋಗಾಣು ಜಗ್ಗುತ್ತದೆ, ಯಾವುದಕ್ಕೆ ಜಗ್ಗುವುದಿಲ್ಲ ಎಂದು ನೋಡದೆಯೇ ಈ ವರ್ಗಕ್ಕೆ ಲಕ್ಷಾಂತರ ಜನರನ್ನು ಹಾಕಲಾಯಿತು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಬಿಡಿ ಎಂದು ಹೇಳಿದ್ದು 2017ರಲ್ಲಿ. ಅವರಲ್ಲಿ ಕ್ಷಯವೇ ಇಲ್ಲದ, ಬೂಷ್ಟು ಮಾತ್ರ ಇದ್ದವರಿಗೂ ಸೊಂಟಕ್ಕೆ ಸೂಜಿ ಬಿದ್ದಿತು. ಸ್ಟ್ರೆಪ್ಟೊಮೈಸಿನ್ ಕಿವಿಯನ್ನು ಕೆಡಿಸಬಲ್ಲ ಔಷಧಿ.

2014-16ರ ರಾಷ್ಟ್ರೀಯ ಸಮೀಕ್ಷೆಯ ಅಂಕಿ ಇಲ್ಲಿ ಹೇಳಲೇಬೇಕು. ಐಸೋನಿಯಾಜಿಡ್, ರಿಫಾಂಪಿಸಿನ್ ಎರಡಕ್ಕೂ ಜಗ್ಗದ ಕ್ಷಯ ಹೊಸ ರೋಗಿಗಳಲ್ಲಿ 2.84 ಶೇಕಡಾ ಇದ್ದರೆ, ಹಿಂದೆ ಚಿಕಿತ್ಸೆ ಪಡೆದವರಲ್ಲಿ 11.62 ಶೇಕಡಾ ಇತ್ತು. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ನಮ್ಮ ಸೀಮೆಯ ಒಂದು ಪದವೂ ಅಡಗಿದೆ – ಗುಳೆ. 2002ರಲ್ಲಿ ವರದಿ ಕೊಟ್ಟ ನಂಜುಂಡಪ್ಪ ಸಮಿತಿ ಕುಷ್ಟಗಿ, ಯಲಬುರ್ಗಾಗಳನ್ನು ಅತ್ಯಂತ ಹಿಂದುಳಿದ ತಾಲೂಕುಗಳೆಂದಿತ್ತು. ಮಳೆ ಕೈಕೊಟ್ಟರೆ ಇಲ್ಲಿನ ಸಂಸಾರಗಳು ಪಾತ್ರೆ ಪಗಡೆ ಕಟ್ಟಿಕೊಂಡು ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ಹೋಗುತ್ತವೆ. ಮೊದಲ ಎರಡು ತಿಂಗಳ ಗುಳಿಗೆಗೆ ಕೆಮ್ಮು ನಿಂತಿರುತ್ತದೆ. ಮೂರನೇ ತಿಂಗಳು ಬಸ್ಸು ಹತ್ತಿರುತ್ತಾರೆ. ಕಾರ್ಡು ಊರಿನಲ್ಲಿ, ರೋಗಿ ಯಾವುದೋ ಕಟ್ಟಡದ ಸಾರವೆಯ ಮೇಲೆ. 'ಚಿಕಿತ್ಸೆ ತಪ್ಪಿಸಿದವರು' ಎಂದು ದಾಖಲೆ ಅವರನ್ನು ದೂರುತ್ತದೆ. ಹೊಟ್ಟೆಪಾಡನ್ನು ದಾಖಲಿಸುವ ಕಾಲಂ ಆ ಕಾರ್ಡಿನಲ್ಲಿ ಇರುವುದಿಲ್ಲ. ಕುಷ್ಟಗಿ ಸೀಮೆಯ ಗ್ರಾನೈಟ್ ಕ್ವಾರಿಗಳಲ್ಲಿ ಕಲ್ಲು ಕೊರೆಯುವವರದು ಇನ್ನೊಂದು ಕಷ್ಟ. ಕಲ್ಲುಧೂಳಿನ ಸಿಲಿಕೋಸಿಸ್ ಎಕ್ಸ್-ರೇಯಲ್ಲಿ ಕ್ಷಯದಂತೆಯೇ ಕಾಣುತ್ತದೆ, ಮೇಲಾಗಿ ನಿಜವಾದ ಕ್ಷಯವನ್ನೂ ಕರೆತರುತ್ತದೆ.

ಈಗ ಯಂತ್ರಗಳು ಬಂದಿವೆ. ಕಫದಲ್ಲಿರುವ ರೋಗಾಣುವಿನ ಡಿ.ಎನ್.ಎ.ಯನ್ನು ಹಿಡಿದು, ರಿಫಾಂಪಿಸಿನ್‌ಗೆ ಅದು ಜಗ್ಗುತ್ತದೆಯೇ ಎಂಬುದನ್ನೂ ಎರಡು ತಾಸಿನೊಳಗೆ ಹೇಳುವ ಜೀನ್‌ಎಕ್ಸ್‌ಪರ್ಟ್ ಯಂತ್ರಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಗೆ ಕೊಟ್ಟದ್ದು 2010ರಲ್ಲಿ. ನಮ್ಮ ಬೆಂಗಳೂರಿನ ಬಿಗ್‌ಟೆಕ್ ರೂಪಿಸಿದ ಟ್ರೂನಾಟ್ ಎಂಬ ಸಣ್ಣ ಯಂತ್ರ 2020ರಲ್ಲಿ ಅದೇ ಮನ್ನಣೆ ಪಡೆಯಿತು. ಬ್ಯಾಟರಿಯ ಮೇಲೆ ನಡೆಯುವುದರಿಂದ ಕರೆಂಟಿನ ಭರವಸೆಯಿಲ್ಲದ ಊರಿಗೂ ಅದು ಹೋಗಬಲ್ಲದು. ಇವು ದೊಡ್ಡ ಉಪಕಾರ. ಆದರೆ ಒಂದು ಮಿತಿ ಇದೆ. ಈಚೆಗೆ ಕ್ಷಯ ವಾಸಿಯಾದವನ ಎದೆಯಲ್ಲಿ ಸತ್ತ ರೋಗಾಣುವಿನ ಡಿ.ಎನ್.ಎ. ಉಳಿದಿರಬಹುದು, ಯಂತ್ರ ಅದನ್ನೂ ಹಿಡಿಯಬಹುದು. ಬೂಷ್ಟಿನಿಂದ ಕೆಮ್ಮುತ್ತಿರುವವನಿಗೆ ಮತ್ತೆ ಕ್ಷಯದ ಚೀಟಿ ಸಿಗಬಹುದು. ಬದುಕಿರುವ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯೇ ಅಲ್ಲಿ ತೀರ್ಪು. ಅದಕ್ಕೆ ವಾರಗಟ್ಟಲೆ ಬೇಕು. ಬೂಷ್ಟನ್ನು ಬೆಳೆಸಲು ಕೆಲವೇ ದಿನ ಸಾಕು. ಪೊಟ್ಯಾಶ್ ದ್ರಾವಣದ ಒಂದು ಹನಿ ಹಾಕಿ ಅದೇ ಕಫವನ್ನು, ಅದೇ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಎಳೆಗಳು ಕಾಣಬಹುದು. ಕ್ಷಯಕ್ಕೆ ಹಾಕುವ ಕೆಂಪು ಬಣ್ಣದಲ್ಲಿ ಅವನ್ನು ಹುಡುಕುವವರಿಲ್ಲ.

ಇಲ್ಲಿ ಉಲ್ಟಾ ಹೊಡೆಯುವ ಅಪಾಯವೂ ಉಂಟು. ಕಫದಲ್ಲಿ ಬೂಷ್ಟು ಬೆಳೆದ ಮಾತ್ರಕ್ಕೆ ಎದೆಯಲ್ಲಿ ಅದರ ಕಾಯಿಲೆ ಇದೆ ಎಂದಲ್ಲ. ಕ್ಯಾಂಡಿಡಾ ಎಂಬುದು ಆರೋಗ್ಯವಂತರ ಬಾಯಲ್ಲೂ ಇರುತ್ತದೆ, ಉಗುಳಿನೊಂದಿಗೆ ಸೀಸೆಗೆ ಬೀಳುತ್ತದೆ. ಕ್ಷಯದ ಶಂಕೆಯ ನೂರು ಜನರ ಕಫ ಬೆಳೆಸಿ, ಇಷ್ಟು ಜನರಿಗೆ ಕ್ಯಾಂಡಿಡಾ ಇದೆ ಎಂದು ಪಟ್ಟಿ ಕೊಡುವ ಸಂಶೋಧನೆಗಳನ್ನು ನಾವು ಅನುಮಾನದಿಂದಲೇ ಓದುತ್ತೇವೆ. ಎಕ್ಸ್-ರೇ ಅಥವಾ ಸ್ಕ್ಯಾನ್, ರಕ್ತದ ಪ್ರತಿಕಾಯ ಪರೀಕ್ಷೆ, ತಿಂಗಳುಗಳಿಂದ ಇರುವ ಲಕ್ಷಣ – ಇವು ಒಂದಕ್ಕೊಂದು ಹೊಂದಿದಾಗಲೇ ಆಸ್ಪರ್ಜಿಲಸ್ ಕಾಯಿಲೆ ಎನ್ನಬೇಕು. ಒಂದು ತಪ್ಪು ಹೆಸರನ್ನು ತೆಗೆದು ಇನ್ನೊಂದು ತಪ್ಪು ಹೆಸರಿಟ್ಟರೆ ಕೆಮ್ಮುವವನಿಗೇನು ಲಾಭ?

ಕಾಯಿಲೆ ಖಚಿತವಾದ ಮೇಲೂ ದಾರಿ ಸಲೀಸಲ್ಲ. ಬೂಷ್ಟಿಗೆ ಕೊಡುವ ಇಟ್ರಾಕೊನಜೋಲ್, ವೊರಿಕೊನಜೋಲ್ ಗುಳಿಗೆಗಳನ್ನು ಕ್ಷಯದ ರಿಫಾಂಪಿಸಿನ್ ಜೊತೆ ನುಂಗಿದರೆ, ಯಕೃತ್ತು ಅವನ್ನು ಎಷ್ಟು ಬೇಗ ಕರಗಿಸುತ್ತದೆಂದರೆ ರಕ್ತದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಇಲ್ಲವಾಗುತ್ತದೆ. ಎರಡೂ ಕಾಯಿಲೆ ಇರುವವನಿಗೆ ಎರಡೂ ಗುಳಿಗೆ ಒಟ್ಟಿಗೆ ಕೊಟ್ಟರೆ ಒಂದು ಕೊಟ್ಟೂ ಕೊಡದಂತೆ. ಬೂಷ್ಟಿನ ಗುಳಿಗೆಯನ್ನು ಆರು ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ನುಂಗಬೇಕು. ಕ್ಷಯದ ಗುಳಿಗೆ ಸರಕಾರದಿಂದ ಪುಕ್ಕಟೆ. ಕ್ಷಯ ರೋಗಿಯ ಊಟಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ, 2024ರ ನವೆಂಬರಿನಿಂದ 1000 ರೂಪಾಯಿ ಖಾತೆಗೆ ಬರುತ್ತದೆ. ನಿಮ್ಮದು ಕ್ಷಯವಲ್ಲ ಎಂದು ವೈದ್ಯರು ಹೇಳಿದ ದಿನ ಆ ಹಣ ನಿಲ್ಲುತ್ತದೆ. ಸರಿಯಾದ ಹೆಸರು ಸಿಕ್ಕಿದ್ದಕ್ಕೆ ಬಡವ ತೆರುವ ದಂಡ ಇದು.

ಬೂಷ್ಟೂ ಔಷಧಿಗೆ ಜಗ್ಗದಂತಾಗುವುದನ್ನು ಕಲಿತಿದೆ. ಅದು ಕಲಿತ ಶಾಲೆ ಆಸ್ಪತ್ರೆಯೊಂದೇ ಅಲ್ಲ. ನೆದರ್ಲೆಂಡ್ಸ್‌ನಲ್ಲಿ, ಜನ್ಮದಲ್ಲಿ ಈ ಗುಳಿಗೆ ನುಂಗದವರ ಎದೆಯಲ್ಲೂ ಅದಕ್ಕೆ ಜಗ್ಗದ ಆಸ್ಪರ್ಜಿಲಸ್ ಸಿಕ್ಕಾಗ ವಿಜ್ಞಾನಿಗಳು ಕಾರಣ ಹುಡುಕುತ್ತ ಹೊಲಕ್ಕೆ ಹೋದರು. ಬೆಳೆಯ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಔಷಧಿಗಳೂ ಮನುಷ್ಯ ನುಂಗುವ ಈ ಗುಳಿಗೆಗಳೂ ಒಂದೇ 'ಅಜೋಲ್' ಕುಟುಂಬದವು. 2012ರಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯವರು ನಮ್ಮ ದೇಶದ ಮಣ್ಣಿನಲ್ಲೂ ಅಂಥ ಬೂಷ್ಟನ್ನು ತೋರಿಸಿದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಲೀಂಧ್ರಗಳ ಅಪಾಯದ ಪಟ್ಟಿಯನ್ನು ಮೊದಲ ಬಾರಿ ಹೊರತಂದಾಗ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಮೇಲಿನ ಸಾಲಿನಲ್ಲೇ ಇತ್ತು.

ಗಂಗಾವತಿಯನ್ನು ಭತ್ತದ ಕಣಜ ಎನ್ನುತ್ತಾರೆ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ನೀರು ಕೊಟ್ಟ ಮೇಲೆ ಎಡದಂಡೆ ಕಾಲುವೆಯ ಉದ್ದಕ್ಕೂ ಜೋಳದ ನೆಲ ಗದ್ದೆಯಾಯಿತು, ಆಂಧ್ರದ ರೈತರು ಬಂದು ಕ್ಯಾಂಪುಗಳಲ್ಲಿ ನೆಲೆಸಿದರು, ರೈಸ್ ಮಿಲ್ಲುಗಳ ಸಾಲು ಎದ್ದಿತು. ಭತ್ತದ ಎಲೆಕವಚ ಒಣಗುವ ರೋಗಕ್ಕೆ ಹೊಡೆಯುವ ಹೆಕ್ಸಾಕೊನಜೋಲ್, ಪ್ರೊಪಿಕೊನಜೋಲ್, ಟೆಬುಕೊನಜೋಲ್‌ಗಳು ಈ ಅಜೋಲ್ ಕುಟುಂಬದ ದಾಯಾದಿಗಳೇ. ಪಂಪು ಬೆನ್ನಿಗೆ ಹೊತ್ತು ಮೂಗಿಗೆ ಟವೆಲು ಸುತ್ತಿಕೊಂಡು ಗದ್ದೆಗಿಳಿಯುವವನು, ಮಿಲ್ಲಿನ ಹೊಟ್ಟಿನ ಧೂಳಿನಲ್ಲಿ ಮೂಟೆ ಹೊರುವ ಹಮಾಲಿ, ಕಸಬರಿಗೆ ಹಿಡಿದು ಅಂಗಳದಲ್ಲಿ ಚೆಲ್ಲಿದ ನುಚ್ಚು ಕೂಡಿಸುವ ಹೆಂಗಸು – ಇವರಲ್ಲಿ ಯಾರಿಗೋ ಹತ್ತು ವರ್ಷದ ಹಿಂದೆ ಕ್ಷಯ ಬಂದು ವಾಸಿಯಾಗಿದ್ದಿರಬಹುದು. ಅವರಿಗೆ ಮತ್ತೆ ಕೆಮ್ಮು ಬಂದು ದವಾಖಾನೆಗೆ ಹೋದಾಗ, ಚೀಟಿ ಬರೆಯುವ ಮೊದಲು ಕೇಳಬೇಕಾದದ್ದು ಹೆಚ್ಚೇನಿಲ್ಲ. ಹಿಂದೆ ಯಾವಾಗ ಗುಳಿಗೆ ನುಂಗಿದ್ದೆ, ಎಷ್ಟು ತಿಂಗಳು ನುಂಗಿದ್ದೆ, ಯಾವ ಕೆಲಸ ಮಾಡುತ್ತೀ, ಹಳೆಯ ಎಕ್ಸ್-ರೇ ಮನೆಯಲ್ಲಿ ಇದೆಯೇ? ಹಳೆಯ ಎಕ್ಸ್-ರೇ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಟ್ರಂಕಿನ ತಳದಲ್ಲಿ, ರೇಷನ್ ಕಾರ್ಡಿನ ಕೆಳಗೆ.